ಪರ್ಸೆಲ್‌ನಿಂದ ಬ್ರಿಟ್ಟನ್‌ವರೆಗೆ ಇಂಗ್ಲಿಷ್ ಒಪೆರಾ ನಡೆಸಿದವರು ಯಾರು? ಹೆಂಗಸರ ಲೆಕ್ಕ ಹಾಕೋಣ ಬನ್ನಿ

ಹಳೇರೇಡಿಯೋ (ಮೈಸೂರು):

ಇಂಗ್ಲಿಷ್ ಒಪೆರಾದ (ಅಂದರೆ ಹಾಡಿನಲ್ಲೇ ನಡೆಯುವ ನಾಟಕದ) ಚರಿತ್ರೆ ಅಂತ ಏನು ಓದಿದರೂ ಒಂದೇ ಕಥೆ. 1680ರ ದಶಕದಲ್ಲಿ ಹೆನ್ರಿ ಪರ್ಸೆಲ್ 'ಡೈಡೊ ಅಂಡ್ ಈನಿಯಸ್' ಬರೆದ. ಆಮೇಲೆ ಎರಡೂವರೆ ಶತಮಾನ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. 1945ರಲ್ಲಿ ಬೆಂಜಮಿನ್ ಬ್ರಿಟ್ಟನ್ 'ಪೀಟರ್ ಗ್ರೈಮ್ಸ್' ಕೊಟ್ಟ, ಇಂಗ್ಲಿಷ್ ಒಪೆರಾ ಮತ್ತೆ ಎದ್ದು ಕೂತಿತು. ಆ ತುದಿಗೊಬ್ಬ ಗಂಡಸು, ಈ ತುದಿಗೊಬ್ಬ ಗಂಡಸು, ನಡುವೆ ಬರೀ ಬಯಲು.

ನನ್ನ ತಕರಾರು ಆ ಬಯಲಿನ ಬಗ್ಗೆ. ಆ ಕಾಲದಲ್ಲಿ ಲಂಡನ್ನಿನ ದೊಡ್ಡ ಮನೆತನದವರಿಗೆ ಒಪೆರಾ ಅಂದರೆ ಇಟಾಲಿಯನ್. ಇಂಗ್ಲಿಷಿನಲ್ಲಿ ಹಾಡಿದರೆ ಮೂಗು ಮುರಿಯುತ್ತಿದ್ದರು. ಹಾಗಿದ್ದೂ ಇಂಗ್ಲಿಷಿನಲ್ಲೇ ಹಾಡುವ ಕಂಪನಿಗಳು ಒಂದು ಮುಚ್ಚಿದರೆ ಇನ್ನೊಂದು ಹುಟ್ಟುತ್ತಲೇ ಇದ್ದವು. ಅವನ್ನು ಕಟ್ಟಿದ್ದು ಯಾರು, ಊರೂರು ಸುತ್ತಿಸಿದ್ದು ಯಾರು ಅಂತ ನೋಡ್ತಾ ಹೋದರೆ ಹೆಜ್ಜೆಹೆಜ್ಜೆಗೂ ಹೆಂಗಸರ ಹೆಸರು ಸಿಗುತ್ತದೆ. ಈ ಭಾಷೆಯ ಒಪೆರಾ ಬದುಕಿ ಉಳಿದಿದ್ದೇ ಅವರಿಂದ ಅನ್ನೋದು ನನ್ನ ವಾದ. ಗೊತ್ತಿದ್ದವರು ಸೇರಿಸಿ, ಒಪ್ಪದವರು ಜಗಳಕ್ಕೆ ಬನ್ನಿ.

ಸಂಶಯಾತ್ಮ:

ಒಪ್ಪದವನು ಮೊದಲೇ ಬಂದೆ ಸರ್.

ಕಂಪನಿ ನಡೆಸೋದು ದೊಡ್ಡ ಕೆಲಸ, ಇಲ್ಲ ಅನ್ನಲ್ಲ. ಆದರೆ ಕೊನೆಗೆ ಉಳಿಯೋದು ಕೃತಿ. ಅದನ್ನ ಬರೆದವರು ಯಾರು ಅನ್ನೋದೇ ಲೆಕ್ಕ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ 1903ರಲ್ಲಿ ಇಂಗ್ಲೆಂಡಿನ ಎಥೆಲ್ ಸ್ಮೈತ್ ಬರೆದ ಒಂದು ಒಪೆರಾ ಆಡಿದರು. ಅದೇ ವೇದಿಕೆಗೆ ಇನ್ನೊಬ್ಬ ಹೆಣ್ಣುಮಗಳ ಒಪೆರಾ ಬಂದಿದ್ದು 2016ರಲ್ಲಿ, ಫಿನ್ಲೆಂಡಿನ ಕಾಯಾ ಸಾರಿಯಾಹೊ ಅವರದ್ದು. ನಡುವೆ 113 ವರ್ಷ. ಅದೂ ಸ್ಮೈತ್ ಅವರದ್ದು ಜರ್ಮನ್, ಸಾರಿಯಾಹೊ ಅವರದ್ದು ಫ್ರೆಂಚ್. ಇಂಗ್ಲಿಷ್ ಖಾತೆಗೆ ಎರಡೂ ಬರಲ್ಲ. ಹೀಗಿರುವಾಗ ಹೆಂಗಸರಿಂದಲೇ ಉಳೀತು ಅಂತ ಹೇಗೆ ಹೇಳ್ತೀರಿ?

ಥೇಮ್ಸ್_ದಡದವಳು:

ಇಬ್ಬರೂ ಸ್ವಲ್ಪ ಹಿಂದಕ್ಕೆ ಬನ್ನಿ. ಪರ್ಸೆಲ್ ಹುಟ್ಟೋಕೂ ಮುಂಚೆ, 1656ಕ್ಕೆ.

1642ರಿಂದ ಇಂಗ್ಲೆಂಡಿನಲ್ಲಿ ನಾಟಕಕ್ಕೆ ನಿಷೇಧ. ವಿಲಿಯಂ ಡ್ಯಾವೆನೆಂಟ್ ಅನ್ನೋ ನಾಟಕಕಾರ ಒಂದು ದಾರಿ ಹುಡುಕಿದ. ಮಾತಾಡಿದರೆ ತಾನೇ ನಾಟಕ? ಎಲ್ಲವನ್ನೂ ಹಾಡಿಸಿಬಿಟ್ಟರೆ ಸಂಗೀತ ಕಾರ್ಯಕ್ರಮ ಅನ್ನಬಹುದಲ್ಲ! ಲಂಡನ್ನಿನ ರಟ್ಲೆಂಡ್ ಹೌಸ್ ಅನ್ನೋ ಮನೆಯಲ್ಲಿ 'ದಿ ಸೀಜ್ ಆಫ್ ರೋಡ್ಸ್' ಆಡಿಸಿದ. ಐದು ಜನ ಸೇರಿ ಸಂಗೀತ ಮಾಡಿದ್ದರು. ಇಂಗ್ಲಿಷಿನ ಮೊದಲ ಒಪೆರಾ ಅಂತ ಅದನ್ನೇ ಹೇಳೋದು. ಸಂಗೀತ ಪೂರ್ತಿ ಕಳೆದುಹೋಗಿದೆ, ಪಠ್ಯ ಮಾತ್ರ ಇದೆ.

ಅದರಲ್ಲಿದ್ದದ್ದು ಒಂದೇ ಹೆಣ್ಣುಪಾತ್ರ, ಇಯಾಂಥೆ. ಹಾಡಿದ್ದು ಮಿಸೆಸ್ ಕೋಲ್ಮನ್. ಅವಳ ಗಂಡ ಎಡ್ವರ್ಡ್ ಕೋಲ್ಮನ್ ಕೂಡ ಅದರಲ್ಲೇ ಹಾಡಿದ. ಷೇಕ್ಸ್‌ಪಿಯರನ ಡೆಸ್ಡೆಮೋನಾ ಪಾತ್ರವನ್ನ ಲಂಡನ್ನಿನಲ್ಲಿ ಒಬ್ಬ ಹೆಣ್ಣುಮಗಳು ಮಾಡಿದ್ದು ಇದಾಗಿ ನಾಲ್ಕು ವರ್ಷಕ್ಕೆ. ಹಾಗಾಗಿ ಇಂಗ್ಲೆಂಡಿನ ವೃತ್ತಿರಂಗದ ಮೊದಲ ನಟಿ ಅಂತ ಸಾಮಾನ್ಯವಾಗಿ ಮಿಸೆಸ್ ಕೋಲ್ಮನ್ ಹೆಸರನ್ನೇ ಹೇಳ್ತಾರೆ.

ನನಗೆ ಇಷ್ಟವಾಗೋದು ಇನ್ನೊಂದು ವಿಷಯ. ಒಂಬತ್ತು ವರ್ಷ ಆದಮೇಲೆ, 1665ರಲ್ಲಿ, ಡೈರಿಗೆ ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ ಅವಳನ್ನ ಭೇಟಿಯಾಗ್ತಾನೆ. ಅವಳು ಆ ಒಪೆರಾದ ಸ್ವಲ್ಪ ಭಾಗ ಹಾಡಿ ತೋರಿಸ್ತಾಳೆ. ಆದರೆ ವೇದಿಕೆಗೋಸ್ಕರ ಬಾಯಿಪಾಠ ಮಾಡಿದ್ದೆ ಅಂತ ಮಾತ್ರ ಒಪ್ಪೋದಿಲ್ಲ! ಪುಸ್ತಕ ಹಿಡಿದು ಹಾಡಿದರೆ ಮರ್ಯಾದಸ್ಥ ಗಾಯಕಿ, ಬಾಯಿಪಾಠ ಮಾಡಿ ಅಭಿನಯಿಸಿದರೆ ನಟಿ. ಆ ಕಾಲಕ್ಕೆ ಎರಡಕ್ಕೂ ಬಹಳ ದೂರ ಇತ್ತು ಅಂತ ಕಾಣುತ್ತೆ.

ಧಾರವಾಡ_ಫೇಡಾ:

ಭಾರಿ ಅದ ರೀ ಈ ಕಥಿ. ಕಾನೂನಿನ ಕಣ್ಣು ತಪ್ಪಿಸೋಕೆ ಹುಟ್ಟಿದ ಒಪೆರಾ, ಜನರ ಬಾಯಿ ತಪ್ಪಿಸೋಕೆ ಪುಸ್ತಕ ಹಿಡಿದ ಹಾಡುಗಾರ್ತಿ.

ನಮ್ಮ ಕಂಪನಿ ನಾಟಕದ ಸ್ತ್ರೀಪಾರ್ಟುಗಳನ್ನ ಇಲ್ಲಿ ಎಳೆದು ತರೋಣ ಅನಿಸ್ತು. ಆದರೆ ಅದಕ್ಕೆ ಬೇರೆ ಥ್ರೆಡ್ಡೇ ಇದೆ, ಬಿಡ್ರಿ.

ಹಳೇರೇಡಿಯೋ (ಮೈಸೂರು):

ಈಗ 'ಡೈಡೊ'ಗೆ ಬರೋಣ. ಗಂಡಸಿನ ಕೃತಿಯೇ, ಸರಿ. ಆದರೆ ಅದರ ಉಳಿದಿರುವ ಹಳೇ ಮುದ್ರಿತ ಪಠ್ಯದ ಮೇಲೆ ಏನಿದೆ ಗೊತ್ತಾ? ಚೆಲ್ಸಿಯಲ್ಲಿ ಜೋಸಯಾಸ್ ಪ್ರೀಸ್ಟ್ ನಡೆಸುತ್ತಿದ್ದ ಬೋರ್ಡಿಂಗ್ ಸ್ಕೂಲಿನಲ್ಲಿ ದೊಡ್ಡಮನೆಯ ಹೆಣ್ಣುಮಕ್ಕಳು ಆಡಿದ್ದು ಅಂತ. ಪ್ರೀಸ್ಟ್ ಡ್ಯಾನ್ಸ್ ಮಾಸ್ಟರು. ಆಟ ಮುಗಿದಮೇಲೆ ಸಮಾರೋಪದ ಪದ್ಯ ಹೇಳಿದವಳೂ ಒಬ್ಬ ವಿದ್ಯಾರ್ಥಿನಿ, ಲೇಡಿ ಡೊರೊಥಿ ಬರ್ಕ್. ಪರ್ಸೆಲ್ ಇದ್ದಾಗ ಇದನ್ನ ಇನ್ನೆಲ್ಲಿ ಆಡಿದರು ಅಂತ ವಿದ್ವಾಂಸರು ಈಗಲೂ ಕಿತ್ತಾಡ್ತಾರೆ. ಖಾತ್ರಿಯಾಗಿ ದಾಖಲೆ ಇರೋದು ಈ ಶಾಲೆಯದ್ದು ಮಾತ್ರ.

ಅದಕ್ಕೂ ಮುಂಚೆ, 1684ರಲ್ಲಿ, ಇದೇ ಶಾಲೆಯಲ್ಲಿ ಜಾನ್ ಬ್ಲೋ ಅವರ 'ವೀನಸ್ ಅಂಡ್ ಅಡೋನಿಸ್' ಆಗಿತ್ತು. ಅದರ ಸಾಹಿತ್ಯ ಬರೆದವಳು ಆನ್ ಕಿಂಗ್ಸ್‌ಮಿಲ್ ಅನ್ನೋ ಕವಯಿತ್ರಿ ಅನ್ನೋ ವಾದ ಈಚೆಗೆ ಬಲವಾಗಿದೆ. ಮುಂದೆ ವಿಂಚಿಲ್ಸಿಯ ಕೌಂಟೆಸ್ ಆನ್ ಫಿಂಚ್ ಅಂತ ಹೆಸರಾದವಳು ಅವಳೇ.

ಕಥೆಯ ರಾಣಿ ಡೈಡೊಳ ಕೊನೆಯ ಹಾಡನ್ನ ಒಮ್ಮೆ ಕಿವಿಗೊಟ್ಟು ಕೇಳಿ. ಕೆಳಗೆ ಮಂದ್ರದಲ್ಲಿ ಐದು ಬಾರಿನ (ಐದು ತಾಳಾವರ್ತದಷ್ಟು ಉದ್ದದ) ಒಂದು ಸಾಲು. ಸ್ವರ ಸ್ವರವಾಗಿ ಇಳಿಯುತ್ತೆ, ಮುಗಿದ ತಕ್ಷಣ ಮತ್ತೆ ಮೊದಲಿನಿಂದ. ಒಂದು ಸಲವೂ ಬದಲಾಗಲ್ಲ. ಮೇಲೆ ಹಾಡುವವಳು ಮಾತ್ರ ಅದರ ಜೊತೆ ಮುಗಿಸೋದಿಲ್ಲ. ಸಾಲು ಮುಗಿದಾಗ ಇವಳ ಮಾತು ಇನ್ನೂ ಅರ್ಧದಲ್ಲಿರುತ್ತೆ. ಇದನ್ನ ಶಾಲೆ ಹುಡುಗಿಯರಿಗೆ ಹೇಳಿಕೊಟ್ಟು ಹಾಡಿಸಿದ್ದಾರೆ!

ಮೈಸೂರಿನವನಾಗಿ ಒಂದು ಅಡ್ಡಮಾತು. 1950ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳನ್ನ ಮೊದಲ ಬಾರಿಗೆ ಹಾಡಿದ್ದು ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್. ಆ ಕಛೇರಿಯ ಖರ್ಚಿನ ಹೊಣೆ ಹೊತ್ತವರು ನಮ್ಮ ಜಯಚಾಮರಾಜೇಂದ್ರ ಒಡೆಯರು. ಮರುವರ್ಷ ಅದೇ ಫ್ಲಾಗ್‌ಸ್ಟಾಡ್ ಲಂಡನ್ನಿನ ಸೇಂಟ್ ಜಾನ್ಸ್ ವುಡ್‌ನ ಪುಟ್ಟ ಮರ್ಮೇಡ್ ಥಿಯೇಟರಿನಲ್ಲಿ ಇಂಗ್ಲಿಷಿನಲ್ಲಿ ಡೈಡೊ ಹಾಡಿದರು. ಸಂಭಾವನೆಯಾಗಿ ಒಪ್ಪಿಕೊಂಡಿದ್ದು ಸ್ಟೌಟ್ ಬಿಯರ್!

ಕಡಲತೀರ:

ಒಂದು ಪ್ರಶ್ನೆ ಕೇಳ್ಲಾ? ಡೈಡೊ ಕೊನೆಗೆ ಸಾಯ್ತಾಳೆ. ನಾನು ನೋಡಿರೋ ನಾಲ್ಕಾರು ಒಪೆರಾಗಳಲ್ಲೆಲ್ಲಾ ಹೆಂಗಸೇ ಸಾಯೋದು. ಚೆನ್ನಾಗಿ ಹಾಡಿ ಸಾಯೋದು. ಇದರಲ್ಲಿ ಹೆಮ್ಮೆಪಡೋಕೆ ಏನಿದೆ?

ಥೇಮ್ಸ್_ದಡದವಳು:

ಒಳ್ಳೇ ಪ್ರಶ್ನೆ. ಸಾಯದ ಹೆಂಗಸೊಬ್ಬಳು ಬರ್ತಾಳೆ, ಕೋವಿ ಹಿಡಿದುಕೊಂಡು. ಸ್ವಲ್ಪ ತಡೀರಿ.

ಒಹಾಯೋ_ಒಗ್ಗರಣೆ:

ಹದಿನೆಂಟನೇ ಶತಮಾನವನ್ನ ಓಡಿಸಿಬಿಡ್ತೀನಿ. 1728ರಲ್ಲಿ ಜಾನ್ ಗೇ ಬರೆದ 'ದಿ ಬೆಗ್ಗರ್ಸ್ ಒಪೆರಾ'. ಜನರ ಬಾಯಲ್ಲಿದ್ದ ಧಾಟಿಗಳು, ಕಳ್ಳರ ಕಥೆ. ಪಾಲಿ ಪೀಚಂ ಪಾತ್ರ ಮಾಡಿದ ಲವೀನಿಯಾ ಫೆಂಟನ್ ರಾತ್ರೋರಾತ್ರಿ ಊರಿಗೆಲ್ಲ ಗೊತ್ತಾದಳು. ಮೊದಲ ಸೀಸನ್ನಿನಲ್ಲೇ 62 ಆಟ. ಅದು ಮುಗಿದ ಕೂಡಲೇ ಬೋಲ್ಟನ್ನಿನ ಡ್ಯೂಕ್ ಜೊತೆ ಹೊರಟುಹೋದಳು. ಅವನ ಹೆಂಡತಿ ತೀರಿಕೊಂಡಮೇಲೆ, 1751ರಲ್ಲಿ, ಮದುವೆಯಾಗಿ ಡಚೆಸ್ ಆದಳು. ರಂಗಕ್ಕೆ ಮತ್ತೆ ಬರಲಿಲ್ಲ. ಇದನ್ನೇ ಎಲ್ಲರೂ ಬಾಯಿ ಚಪ್ಪರಿಸಿ ಹೇಳ್ತಾರೆ. ನನಗೆ ಅಷ್ಟೇನೂ ಆಸಕ್ತಿ ಇಲ್ಲ.

ಆಸಕ್ತಿ ಇರೋದು ಹತ್ತೊಂಬತ್ತನೇ ಶತಮಾನದ ಮಾಲಕಿಯರ ಬಗ್ಗೆ. ಮೇಡಂ ವೆಸ್ಟ್ರಿಸ್ ಗಾಯಕಿ. 1831ರಲ್ಲಿ ಲಂಡನ್ನಿನ ಒಲಿಂಪಿಕ್ ಥಿಯೇಟರ್ ಗುತ್ತಿಗೆಗೆ ಹಿಡಿದು ನಡೆಸಿದಳು. 1839ರಿಂದ ಮೂರು ವರ್ಷ ಗಂಡನ ಜೊತೆ ಲಂಡನ್ನಿನ ದೊಡ್ಡ ಥಿಯೇಟರ್ ಕೋವೆಂಟ್ ಗಾರ್ಡನ್ನನ್ನೇ ನಡೆಸಿದಳು. ಆಮೇಲೆ ಲೂಯಿಸಾ ಪೈನ್. ಅಮೆರಿಕ ಸುತ್ತಿ ಬಂದು, ವಿಲಿಯಂ ಹ್ಯಾರಿಸನ್ ಜೊತೆ ಸೇರಿ ಇಂಗ್ಲಿಷ್ ಒಪೆರಾ ಕಂಪನಿ ಕಟ್ಟಿದಳು. 1858ರಿಂದ 1864ರವರೆಗೆ ಕೋವೆಂಟ್ ಗಾರ್ಡನ್ನಿನಲ್ಲಿ ಬಾಲ್ಫ್, ವಾಲೇಸ್, ಬೆನೆಡಿಕ್ಟ್ ಇವರ ಹೊಸ ಹೊಸ ಇಂಗ್ಲಿಷ್ ಒಪೆರಾಗಳನ್ನ ಆಡಿಸಿತು ಆ ಕಂಪನಿ. ಸಂಶಯಾತ್ಮ ಅವರು ಕೃತಿ ಕೃತಿ ಅಂತಾರಲ್ಲ, ಆ ಕೃತಿಗಳು ಬರೆಸಿಕೊಂಡಿದ್ದೇ ಇಂಥ ಒಂದು ಕಂಪನಿ ಇತ್ತು ಅಂತ.

ಇನ್ನು ಯೂಫ್ರೊಸೈನೀ ಪರೇಪಾ. ಎಡಿನ್‌ಬರೋದಲ್ಲಿ ಹುಟ್ಟಿದವಳು, ಭಾರಿ ಕಂಠ. 1867ರಲ್ಲಿ ನ್ಯೂಯಾರ್ಕಿನಲ್ಲಿ ಕಾರ್ಲ್ ರೋಸಾ ಅನ್ನೋ ಜರ್ಮನ್ ಪಿಟೀಲು ವಾದಕನ ಜೊತೆ ಮದುವೆ. 1869ರಲ್ಲಿ ಇಬ್ಬರೂ ಸೇರಿ ಇಲ್ಲಿ ಅಮೆರಿಕದಲ್ಲಿ ಕಂಪನಿ ಶುರು ಮಾಡಿದರು. ಹೆಸರು 'ಪರೇಪಾ-ರೋಸಾ ಇಂಗ್ಲಿಷ್ ಒಪೆರಾ ಕಂಪನಿ'. ಟಿಕೆಟ್ ಹೋಗುತ್ತಿದ್ದದ್ದು ಅವಳ ಹೆಸರಿಗೆ. 1873ರಲ್ಲಿ ಇಂಗ್ಲೆಂಡಿಗೆ ವಾಪಸ್ಸಾದರು. ಅವಳು ಬಸುರಿ, ಹಾಡೋ ಹಾಗಿರಲಿಲ್ಲ. ಅದಕ್ಕೆ ಕಂಪನಿ ಹೆಸರನ್ನ 'ಕಾರ್ಲ್ ರೋಸಾ ಒಪೆರಾ ಕಂಪನಿ' ಅಂತ ಬದಲಾಯಿಸಿದರು. 1874ರ ಜನವರಿಯಲ್ಲಿ ಹೆರಿಗೆಯ ಸಮಯದಲ್ಲೇ ಅವಳು ತೀರಿಕೊಂಡಳು. ಕಂಪನಿ 1960ರವರೆಗೂ ಬ್ರಿಟನ್ನಿನ ಊರೂರಿನಲ್ಲಿ ಇಂಗ್ಲಿಷ್ ಒಪೆರಾ ಆಡಿತು. ಬೋರ್ಡಿನ ಮೇಲೆ ಗಂಡನ ಹೆಸರೇ ಉಳೀತು.

ಧಾರವಾಡ_ಫೇಡಾ:

ಈ ಪರೇಪಾ ಹೆಸರನ್ನ ನಾನು ಇವತ್ತೇ ಕೇಳಿದ್ದು. ಕಾರ್ಲ್ ರೋಸಾ ಹೆಸರು ಮೊದಲೇ ಗೊತ್ತಿತ್ತು!

ಒಹಾಯೋ_ಒಗ್ಗರಣೆ:

ಅಮೆರಿಕದ ಮೂವರನ್ನ ಬೇಗ ಹೇಳಿ ಮುಗಿಸ್ತೀನಿ. ಕ್ಲಾರಾ ಲೂಯಿಸ್ ಕೆಲ್ಲಾಗ್ 1873ರಲ್ಲಿ ಇಂಗ್ಲಿಷ್ ಕಂಪನಿ ಕಟ್ಟಿ, ಅನುವಾದದ ಮೇಲ್ವಿಚಾರಣೆಯಿಂದ ಹಿಡಿದು ಕೋರಸ್ಸಿಗೆ ಪಾಠ ಹೇಳೋವರೆಗೆ ತಾನೇ ಮಾಡಿದಳು. ಎಮ್ಮಾ ಆಬಟ್ ಪಶ್ಚಿಮದ ಸಣ್ಣ ಸಣ್ಣ ಪಟ್ಟಣಗಳಿಗೆ ಒಪೆರಾ ಒಯ್ದಳು. ಇಟಾಲಿಯನ್ ಒಪೆರಾದ ನಡುವೆ ಚರ್ಚಿನ ಸ್ತೋತ್ರ ತೂರಿಸಿಬಿಡುತ್ತಿದ್ದಳು! ವಿಮರ್ಶಕರು ತಲೆ ಚಚ್ಚಿಕೊಂಡರು, ಜನ ಕಣ್ಣೀರು ಹಾಕಿ ಕೇಳಿದರು. ಜನೆಟ್ ಥರ್ಬರ್ 1886ರಲ್ಲಿ ಇಂಗ್ಲಿಷಿನಲ್ಲೇ ಹಾಡುವ ಅಮೆರಿಕನ್ ಒಪೆರಾ ಕಂಪನಿ ನಡೆಸೋಕೆ ಹೋಗಿ, ಅದು ಬೇಗ ದಿವಾಳಿ ಆಯ್ತು. ಅದೇ ಹೆಂಗಸು ಕಟ್ಟಿದ ಸಂಗೀತ ಶಾಲೆಗೆ 1892ರಲ್ಲಿ ಚೆಕ್ ಸಂಗೀತಕಾರ ದ್ವೊರ್ಜಾಕ್‌ರನ್ನ ಕರೆಸಿದ್ದು.

ಸಂಶಯಾತ್ಮ:

ಕೇಳೋಕೆ ಚೆನ್ನಾಗಿದೆ. ಆದರೆ ಕೆಲ್ಲಾಗ್, ಆಬಟ್, ಕಾರ್ಲ್ ರೋಸಾ ಇವರೆಲ್ಲ ಜಾಸ್ತಿ ಆಡಿದ್ದು ಇಟಲಿ, ಫ್ರಾನ್ಸ್, ಜರ್ಮನಿಯ ಒಪೆರಾಗಳ ಇಂಗ್ಲಿಷ್ ಅನುವಾದ ತಾನೇ? ಅದು ಇಂಗ್ಲಿಷ್ ಒಪೆರಾನಾ?

ಹಳೇರೇಡಿಯೋ (ಮೈಸೂರು):

ಹಾಡುಗಾರರು ಎಲ್ಲಿಂದ ಬರ್ತಾರೆ ಸ್ವಾಮಿ? ಇಂಗ್ಲಿಷಿನ ಮಾತನ್ನ ಹಾಡಿನಲ್ಲಿ ಸ್ಪಷ್ಟವಾಗಿ ಕೇಳಿಸೋ ಹಾಗೆ ಹಾಡೋದು ಒಂದು ಕಸುಬು. ನೂರು ಸಲ 'ಫೌಸ್ಟ್' ಅನ್ನೋ ಫ್ರೆಂಚ್ ಒಪೆರಾವನ್ನ ಇಂಗ್ಲಿಷಿನಲ್ಲಿ ಹಾಡಿದವರಿಗೆ ಮಾತ್ರ ಅದು ಬರುತ್ತೆ. ನಾಳೆ ಯಾರೋ ಹೊಸ ಒಪೆರಾ ಬರೆದಾಗ ಹಾಡೋಕೆ ಆ ಬಾಯಿಗಳೇ ಬೇಕು.

ಥೇಮ್ಸ್_ದಡದವಳು:

ಇದಕ್ಕೆ ನನ್ನ ಹತ್ತಿರ ಸಾಕ್ಷಿ ಇದೆ. ಲಿಲಿಯನ್ ಬೇಲಿಸ್. ಕಾಫಿ ಹಿಡಿದು ಕೂತ್ಕೊಳ್ಳಿ, ಇದು ಉದ್ದ.

ಥೇಮ್ಸ್‌ನ ದಕ್ಷಿಣಕ್ಕೆ, ವಾಟರ್‌ಲೂ ರಸ್ತೆಯಲ್ಲಿ ಓಲ್ಡ್ ವಿಕ್ ಥಿಯೇಟರ್ ಇದೆ. ಬೇಲಿಸ್‌ಳ ತಾಯಿಯ ಸೋದರಿ ಎಮ್ಮಾ ಕಾನ್ಸ್ ಸಮಾಜಸೇವಕಿ. 1880ರಲ್ಲಿ ಆ ಥಿಯೇಟರ್ ತಗೊಂಡು ಮದ್ಯ ಇಲ್ಲದ ಮನರಂಜನೆಯ ಜಾಗ ಮಾಡಿದಳು. ಕುಡಿತ ಬಿಡಿಸೋದು ಉದ್ದೇಶ. ಕೂಲಿಕಾರರು, ಅಂಗಡಿ ಹುಡುಗರು, ಮನೆಗೆಲಸದವರು ಬಂದು ಕೂರುತ್ತಿದ್ದರು. 1912ರಲ್ಲಿ ಕಾನ್ಸ್ ತೀರಿಕೊಂಡಳು, ಪೂರ್ತಿ ಜವಾಬ್ದಾರಿ ಬೇಲಿಸ್ ಮೇಲೆ ಬಿತ್ತು. ಅವಳು ಅಲ್ಲಿ ಷೇಕ್ಸ್‌ಪಿಯರ್ ಜೊತೆ ಒಪೆರಾವನ್ನೂ ಆಡಿಸಿದಳು. ಎಲ್ಲ ಇಂಗ್ಲಿಷಿನಲ್ಲಿ, ಬಡವರ ಕೈಗೆಟುಕುವ ಟಿಕೆಟ್ಟಿನಲ್ಲಿ. ದೊಡ್ಡ ವಾದ್ಯಮೇಳಕ್ಕೆ ದುಡ್ಡಿಲ್ಲ. ಚಾರ್ಲ್ಸ್ ಕೋರಿ ಅನ್ನೋ ನಿರ್ದೇಶಕರು ವಾಗ್ನರ್, ವರ್ಡಿಯನ್ನೆಲ್ಲ ಕೈಯಲ್ಲಿದ್ದಷ್ಟು ವಾದಕರಿಗೆ ಹೊಂದಿಸಿ ಬರೆದುಕೊಳ್ತಿದ್ದರು.

ಆಟ ನಡೀತಿರುವಾಗ ಬೇಲಿಸ್ ರಂಗದ ಪಕ್ಕದಲ್ಲೇ ಗ್ಯಾಸ್ ಒಲೆ ಹಚ್ಚಿ ಸಾಸೇಜ್ ಹುರಿಯುತ್ತಿದ್ದಳು. ವಾಸನೆ ಪ್ರೇಕ್ಷಕರವರೆಗೂ ಹೋಗುತ್ತಿತ್ತಂತೆ! ವೇದಿಕೆ ಮೇಲೆ ಯಾರೋ ವಿರಹದಲ್ಲಿ ಒದ್ದಾಡ್ತಿರ್ತಾರೆ, ಮುಂದಿನ ಸಾಲಿನವರಿಗೆ ಹಸಿವಾಗ್ತಿರುತ್ತೆ.

ಇಷ್ಟು ಸಾಲದು ಅಂತ, ಇಸ್ಲಿಂಗ್ಟನ್ ಕಡೆ ಪಾಳುಬಿದ್ದಿದ್ದ ಸ್ಯಾಡ್ಲರ್ಸ್ ವೆಲ್ಸ್ ಥಿಯೇಟರಿಗೆ ಚಂದಾ ಎತ್ತಿ, ಹೊಸದಾಗಿ ಕಟ್ಟಿಸಿ, 1931ರ ಜನವರಿಯಲ್ಲಿ ತೆರೆದಳು. ಒಪೆರಾ, ಬ್ಯಾಲೆ ಎರಡೂ ಅಲ್ಲಿಗೆ ಹೋದವು. ಬ್ಯಾಲೆ ಕಟ್ಟಿದವಳು ನಿನೆಟ್ ಡಿ ವಾಲ್ವಾ, ಇನ್ನೊಬ್ಬ ಗಟ್ಟಿಗಿತ್ತಿ. ಅದೇ ಮುಂದೆ ರಾಯಲ್ ಬ್ಯಾಲೆ ಆಯ್ತು. ಒಪೆರಾ ಕಂಪನಿ 1968ರಲ್ಲಿ ಲಂಡನ್ನಿನದೇ ಕೊಲಿಸಿಯಂ ಥಿಯೇಟರಿಗೆ ಬಂತು, 1974ರಲ್ಲಿ ಇಂಗ್ಲಿಷ್ ನ್ಯಾಷನಲ್ ಒಪೆರಾ ಅಂತ ಹೆಸರಾಯ್ತು. ಇವತ್ತಿಗೂ ಅಲ್ಲಿ ಇಂಗ್ಲಿಷಿನಲ್ಲೇ ಹಾಡೋದು. 2022ರಲ್ಲಿ ಅನುದಾನಕ್ಕೆ ಕತ್ತರಿ ಬಿತ್ತು, ಲಂಡನ್ ಬಿಟ್ಟು ಹೋಗಿ ಅಂದರು, ಈಗ ಮ್ಯಾಂಚೆಸ್ಟರಿನಲ್ಲಿ ಇನ್ನೊಂದು ನೆಲೆ ಮಾಡ್ತಿದ್ದಾರೆ. ಬೇಲಿಸ್ ಇದ್ದಿದ್ದರೆ ಆ ಅಧಿಕಾರಿಗಳ ಗತಿ ಏನಾಗ್ತಿತ್ತೋ!

ಸಂಶಯಾತ್ಮ:

ಬೇಲಿಸ್ ಜಿಪುಣತನಕ್ಕೂ ಹೆಸರುವಾಸಿ ಮೇಡಂ, ಅದನ್ನೂ ಹೇಳಿ. ಕಲಾವಿದರಿಗೆ ಕೊಡ್ತಿದ್ದ ಸಂಬಳ ತೀರಾ ಕಮ್ಮಿ. ಬಡವರಿಗೆ ಅಗ್ಗದ ಟಿಕೆಟ್ ಸಿಕ್ಕಿದ್ದು ಹಾಡುವವರ ಹೊಟ್ಟೆ ಕಟ್ಟಿ.

ಥೇಮ್ಸ್_ದಡದವಳು:

ನಿಜ. ಒಳ್ಳೇ ನಟರನ್ನ ಕಳಿಸಪ್ಪ, ಅಗ್ಗಕ್ಕೆ ಕಳಿಸು ಅಂತ ದೇವರಲ್ಲಿ ಬೇಡಿಕೊಳ್ತಿದ್ದಳು ಅನ್ನೋ ಜೋಕೇ ಇದೆ. ಅವಳನ್ನ ದೇವತೆ ಮಾಡೋ ಆಸೆ ನನಗಿಲ್ಲ.

ಆದರೆ ಆ ಕಮ್ಮಿ ಸಂಬಳದಲ್ಲಿ ಬೆಳೆದವರಲ್ಲಿ ಜೋನ್ ಕ್ರಾಸ್ ಒಬ್ಬಳು. ಎರಡನೇ ಮಹಾಯುದ್ಧದಲ್ಲಿ ಥಿಯೇಟರ್ ಮುಚ್ಚಿ, ಮನೆ ಕಳಕೊಂಡವರಿಗೆ ಆಸರೆಯ ಜಾಗ ಆಯ್ತು. ಕಂಪನಿ ಊರೂರು ಅಲೆದಾಡ್ತು. ಆಗ ಅದನ್ನ ನಡೆಸಿದವರಲ್ಲಿ ಮುಖ್ಯವಾದವಳು ಕ್ರಾಸ್. ಯುದ್ಧ ಮುಗಿಯಿತು, ಥಿಯೇಟರ್ ಮತ್ತೆ ತೆರೀಬೇಕು. ಎಲ್ಲರಿಗೂ ಗೊತ್ತಿರೋ ಹಳೇ ಒಪೆರಾ ಹಾಕಿದ್ದರೆ ಯಾರೂ ಬೇಡ ಅಂತಿರಲಿಲ್ಲ. ಅವಳು ಹಠ ಹಿಡಿದು ಹೊಸ ಹುಡುಗನ ಹೊಸ ಕೃತಿ ಆರಿಸಿದಳು. ಅದೇ 'ಪೀಟರ್ ಗ್ರೈಮ್ಸ್'. 1945ರ ಜೂನ್ 7. ಕಂಪನಿಯೊಳಗೇ ಗಲಾಟೆ. ಈ ಕರ್ಕಶ ಸಂಗೀತ ಯಾರಿಗೆ ಬೇಕು ಅಂತ ಹಲವರು ತಿರುಗಿಬಿದ್ದರು. ಎಲೆನ್ ಆರ್ಫರ್ಡ್ ಪಾತ್ರ ಅವಳೇ ಹಾಡಿದಳು, ಆಟ ಗೆದ್ದಿತು, ಸ್ವಲ್ಪದರಲ್ಲೇ ಕಂಪನಿ ಬಿಟ್ಟು ಹೊರಗೆ ಬಂದಳು. ಆಮೇಲೂ ಬ್ರಿಟ್ಟನ್‌ಗೆ 'ಆಲ್ಬರ್ಟ್ ಹೆರಿಂಗ್'ನ ಲೇಡಿ ಬಿಲ್ಲೋಸ್, 'ಗ್ಲೋರಿಯಾನಾ'ದ ಒಂದನೇ ಎಲಿಜಬೆತ್ ರಾಣಿ, 'ದಿ ಟರ್ನ್ ಆಫ್ ದಿ ಸ್ಕ್ರೂ'ವಿನ ಮಿಸೆಸ್ ಗ್ರೋಸ್ ಹಾಡಿಕೊಟ್ಟಳು. ಈ ಕೊನೆಯದರ ಸಾಹಿತ್ಯ ಬರೆದದ್ದು ಮಿಫಾನ್ವಿ ಪೈಪರ್. ಬ್ರಿಟ್ಟನ್‌ನ ಮೂರು ಒಪೆರಾಗಳಿಗೆ ಮಾತು ಕೊಟ್ಟವಳು ಅವಳು.

ಹಳೇರೇಡಿಯೋ ಸರ್ ಶುರುವಲ್ಲಿ ಹೇಳಿದ ಆ ಎರಡನೇ ತುದಿ ಇದೆಯಲ್ಲ, ಅಲ್ಲಿ ಬ್ರಿಟ್ಟನ್ ಒಬ್ಬನೇ ನಿಂತಿಲ್ಲ.

ಹಳೇರೇಡಿಯೋ (ಮೈಸೂರು):

ಗಿಲ್ಬರ್ಟ್ ಸಾಹಿತ್ಯ ಬರೆದು ಸಲಿವನ್ ಸಂಗೀತ ಕೊಟ್ಟ ಕೃತಿಗಳು ಬಿಟ್ಟುಹೋಗಬಾರದು. ಅವು ಕಾಮಿಕ್ ಒಪೆರಾ, ಇರಲಿ. ಅವನ್ನ ಆಡಿಸುತ್ತಿದ್ದ ಸವಾಯ್ ಥಿಯೇಟರಿನ ಯಜಮಾನ ರಿಚರ್ಡ್ ಡಾಯ್ಲಿ ಕಾರ್ಟ್. ಲೆಕ್ಕಪತ್ರ, ಕರಾರು, ಅಮೆರಿಕ ಪ್ರವಾಸ ಎಲ್ಲ ನೋಡಿಕೊಂಡವಳು ಹೆಲೆನ್ ಲ್ಯನ್ವಾರ್. ಸ್ಕಾಟ್ಲೆಂಡಿನವಳು, ಗಣಿತ ಓದಿದವಳು. 1888ರಲ್ಲಿ ಅವನನ್ನೇ ಮದುವೆಯಾದಳು. 1890ರಲ್ಲಿ ಥಿಯೇಟರಿಗೆ ಹಾಕಿಸಿದ ಕಾರ್ಪೆಟ್ಟಿನ ಖರ್ಚಿನ ಮೇಲೆ ಗಿಲ್ಬರ್ಟ್ ಜಗಳ ತೆಗೆದು ಕೋರ್ಟಿಗೆ ಹೋದ. ನಡುವೆ ನಿಂತು ರಾಜಿ ಮಾಡಿಸಿದವಳೂ ಇವಳೇ. 1901ರಲ್ಲಿ ಗಂಡ ಸತ್ತಮೇಲೆ 1913ರಲ್ಲಿ ತಾನು ಸಾಯುವವರೆಗೆ ಕಂಪನಿ ನಡೆಸಿದಳು. ಮುಂದೆ ಅವನ ಮೊಮ್ಮಗಳು ಬ್ರಿಜೆಟ್ ನಡೆಸಿದಳು.

ತಮಾಷೆ ನೋಡಿ, ಅದೇ ಕೃತಿಗಳಲ್ಲಿ ವಯಸ್ಸಾದ ಹೆಂಗಸನ್ನ ಆಡಿಕೊಂಡಷ್ಟು ಇನ್ನೆಲ್ಲೂ ಆಡಿಕೊಂಡಿಲ್ಲ. 'ದಿ ಮಿಕಾಡೊ'ದ ಕಟಿಷಾಳನ್ನ ನೆನಪಿಸಿಕೊಳ್ಳಿ. ಸಂಬಳದ ಚೆಕ್ ಒಬ್ಬ ಹೆಂಗಸಿನ ಕೈಯಿಂದ, ವೇದಿಕೆ ಮೇಲೆ ಗೇಲಿಯೂ ಹೆಂಗಸಿನದೇ.

ಥೇಮ್ಸ್_ದಡದವಳು:

ಕಡಲತೀರ, ಈಗ ನಿಮ್ಮ ಕೋವಿಯವಳು. ಎಥೆಲ್ ಸ್ಮೈತ್ ಬರೆದ 'ದಿ ಬೋಸನ್ಸ್ ಮೇಟ್', 1916, ಲಂಡನ್ನಿನ ಶಾಫ್ಟ್ಸ್‌ಬರಿ ಥಿಯೇಟರ್. ಸಾಹಿತ್ಯವೂ ಅವಳದೇ, ಇಂಗ್ಲಿಷಿನಲ್ಲೇ. ಮಿಸೆಸ್ ವಾಟರ್ಸ್ ಅನ್ನೋ ವಿಧವೆ ಪಬ್ ನಡೆಸ್ತಾಳೆ. ಹಡಗಿನ ನೌಕರಿಯಿಂದ ನಿವೃತ್ತನಾದ ಬೆನ್ ಅನ್ನೋನು ಮದುವೆಗೆ ಗಂಟುಬೀಳ್ತಾನೆ. ಇವಳು ಸೊಪ್ಪು ಹಾಕಲ್ಲ. ಅವನು ಒಬ್ಬ ಮಾಜಿ ಸೈನಿಕನಿಗೆ ಹೇಳಿ ಕಳ್ಳನ ವೇಷದಲ್ಲಿ ರಾತ್ರಿ ನುಗ್ಗಿಸ್ತಾನೆ. ಹೆದರಿ ಕಿರುಚ್ತಾಳೆ, ತಾನು ಬಂದು ಕಾಪಾಡ್ತೀನಿ ಅನ್ನೋ ಲೆಕ್ಕ. ಅವಳು ಕೋವಿ ಹಿಡಿದು ಇಳಿದು ಬಂದು ಕಳ್ಳನನ್ನ ಹಿಡಿದೇಬಿಡ್ತಾಳೆ. ಅವನು ಬಾಯಿಬಿಡ್ತಾನೆ. ಆಮೇಲೆ ಇಬ್ಬರೂ ಸೇರಿ ಬೆನ್‌ಗೆ ಆಟ ಹೂಡ್ತಾರೆ. ಕಳ್ಳ ಗುಂಡೇಟಿಗೆ ಸತ್ತ, ಹೋಗಿ ಗುಂಡಿ ತೋಡು ಅಂತ! ಇದರ ಮುನ್ನುಡಿ ಸಂಗೀತದಲ್ಲಿ ಮತದಾನದ ಹಕ್ಕಿನ ಹೋರಾಟಕ್ಕೆ ಸ್ಮೈತ್ ಬರೆದಿದ್ದ ಮೆರವಣಿಗೆಯ ಹಾಡನ್ನೇ ಸೇರಿಸಿದ್ದಾಳೆ. ಅದೇ ಹೋರಾಟಕ್ಕಾಗಿ 1912ರಲ್ಲಿ ಹಾಲೊವೇ ಜೈಲಿಗೆ ಹೋಗಿದ್ದಳು. ಅಂಗಳದಲ್ಲಿ ಕೈದಿಗಳು ಆ ಹಾಡು ಹಾಡ್ತಿದ್ದರೆ ಇವಳು ಮೇಲಿನ ಕಿಟಕಿಯಿಂದ ಹಲ್ಲುಜ್ಜೋ ಬ್ರಷ್ ಹಿಡಿದು ತಾಳ ಹಾಕ್ತಿದ್ದಳು ಅಂತ ವಾದ್ಯಮೇಳದ ನಿರ್ದೇಶಕ ಥಾಮಸ್ ಬೀಚಂ ಹೇಳಿದ್ದಾರೆ.

ಸಂಶಯಾತ್ಮ ಅವರಿಗೂ ಒಂದು ಮಾತು. ಸ್ಮೈತ್ ಒಪೆರಾ ಜರ್ಮನ್ನಿನಲ್ಲಿ ಯಾಕೆ ಬಂತು? ಹೊಸಬರ ಕೃತಿ ತಗೊಳ್ಳೋ ಒಪೆರಾ ಮನೆಗಳು ಇದ್ದದ್ದು ಜರ್ಮನಿಯಲ್ಲಿ. 'ದಿ ರೆಕರ್ಸ್' ಕೂಡ ಇಂಗ್ಲೆಂಡಿನ ಕಾರ್ನ್‌ವಾಲ್ ಕಡಲ ಕಥೆ, 1906ರಲ್ಲಿ ಮೊದಲು ಆಡಿದ್ದು ಲೈಪ್‌ಜಿಗ್‌ನಲ್ಲಿ, ಜರ್ಮನ್ನಿನಲ್ಲಿ. ನಿರ್ದೇಶಕ ಮೂರನೇ ಅಂಕಕ್ಕೆ ಮನಸ್ಸಿಗೆ ಬಂದಂತೆ ಕತ್ತರಿ ಹಾಕಿದ. ಇವಳು ವಾದ್ಯದವರ ಸ್ಟ್ಯಾಂಡುಗಳ ಮೇಲಿದ್ದ ಸ್ವರದ ಹಾಳೆಗಳನ್ನೆಲ್ಲ ಎತ್ತಿಕೊಂಡು ಪ್ರಾಗ್‌ನ ರೈಲು ಹತ್ತಿಬಿಟ್ಟಳು. ಇನ್ನೊಂದು ಆಟ ಆಡೋಕೆ ಅವರ ಹತ್ತಿರ ಏನೂ ಉಳಿದಿರಲಿಲ್ಲ! ಇಂಗ್ಲಿಷಿನಲ್ಲಿ ಅದು ರಂಗಕ್ಕೆ ಬಂದಿದ್ದು 1909ರಲ್ಲಿ. ದುಡ್ಡು ಕೊಟ್ಟವಳು ಮೇರಿ ಡಾಜ್ ಅನ್ನೋ ಗೆಳತಿ.

ಕಡಲತೀರ:

ಗುಂಡಿ ತೋಡೋದು ಸೂಪರ್. ಇದನ್ನ ಯಾಕೆ ಎಲ್ಲೂ ಆಡಲ್ಲ?

ಸಂಶಯಾತ್ಮ:

ಅದೇ ನನ್ನ ಪ್ರಶ್ನೆ ನೋಡಿ. ಬರೆದವರಿಗೆ ಮನೆ ಸಿಗಲಿಲ್ಲ. ಇಷ್ಟೊಂದು ಮಾಲಕಿಯರು, ಮ್ಯಾನೇಜರುಗಳು ಇದ್ದರೂ ಸಿಗಲಿಲ್ಲ. ಅವರೂ ಗಂಡಸರ ಕೃತಿಗಳನ್ನೇ ಆಡಿಸಿದರು.

ಒಹಾಯೋ_ಒಗ್ಗರಣೆ:

ಅದು ಚುಚ್ಚುವ ಮಾತು. ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ನಮ್ಮ ರಾಜ್ಯದ ಒಂದು ಉದಾಹರಣೆ ಕೊಡ್ತೀನಿ. 1932ರಲ್ಲಿ ಕ್ಲೀವ್‌ಲೆಂಡಿನ ಸ್ಟೇಡಿಯಂನಲ್ಲಿ ಶರ್ಲಿ ಗ್ರಹಾಂ ಬರೆದ 'ಟಾಮ್-ಟಾಮ್' ಆಯ್ತು. ಕಪ್ಪು ಜನಾಂಗದ ಹೆಣ್ಣುಮಗಳು, ಆಫ್ರಿಕಾದಿಂದ ನ್ಯೂಯಾರ್ಕಿನ ಹಾರ್ಲೆಮ್‌ವರೆಗಿನ ಕಥೆ. ಸಾವಿರಾರು ಜನ ನೋಡಿದರು. ಆಮೇಲೆ ದಶಕಗಟ್ಟಲೆ ಪತ್ತೆಯೇ ಇಲ್ಲ.

ಮೂರು ವರ್ಷಕ್ಕೆ ಅಮೆರಿಕದ ಸಂಗೀತಕಾರ ಗರ್ಶ್ವಿನ್‌ನ 'ಪೋರ್ಗಿ ಅಂಡ್ ಬೆಸ್' ಬಂತು. ಬೆಸ್ ಹಾಡಿದ ಆನ್ ಬ್ರೌನ್ ಜೂಲಿಯಾರ್ಡ್ ಸಂಗೀತ ಶಾಲೆಯ ವಿದ್ಯಾರ್ಥಿನಿ, ತಾನೇ ಗರ್ಶ್ವಿನ್‌ಗೆ ಕಾಗದ ಬರೆದು ಹಾಡೋಕೆ ಅವಕಾಶ ಕೇಳಿದವಳು. ಅವನು ಬರೆದ ಪುಟಗಳನ್ನ ಇವಳು ಹಾಡಿ ತೋರಿಸ್ತಾ ಹೋದ ಹಾಗೆ ಬೆಸ್ ಪಾತ್ರ ದೊಡ್ಡದಾಯ್ತು. ಬರೀ ಪೋರ್ಗಿ ಅಂತ ಇದ್ದ ಶೀರ್ಷಿಕೆಗೆ ಬೆಸ್ ಕೂಡ ಬಂದಳು. ಕೋರಸ್ ಕಟ್ಟಿದ್ದು ಈವಾ ಜೆಸ್ಸಿ. 1936ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಕಪ್ಪು ಪ್ರೇಕ್ಷಕರಿಗೆ ಪ್ರವೇಶ ಇಲ್ಲ ಅಂದಾಗ, ನಾವು ಹಾಡಲ್ಲ ಅಂತ ಪೋರ್ಗಿ ಹಾಡುತ್ತಿದ್ದ ಟಾಡ್ ಡಂಕನ್ ಜೊತೆ ಬ್ರೌನ್ ಪಟ್ಟು ಹಿಡಿದಳು. ಆ ಆಟಗಳ ಮಟ್ಟಿಗೆ ಥಿಯೇಟರ್ ಬಾಗಿಲು ತೆರೀಬೇಕಾಯ್ತು. ಮುಂದೆ ಅವಳು ಅಮೆರಿಕವೇ ಬೇಡ ಅಂತ ನಾರ್ವೆಗೆ ಹೋಗಿ ನೆಲೆಸಿದಳು.

ಧಾರವಾಡ_ಫೇಡಾ:

ಇಷ್ಟೊತ್ತು ಸುಮ್ನೆ ಓದ್ತಾ ಕೂತಿದ್ದೆ. ಈಗ ನಮ್ಮ ಊರಿನ ಸರದಿ.

'ಹಯವದನ' ಎಲ್ಲರಿಗೂ ಗೊತ್ತಲ್ಲ. ದೇವದತ್ತ, ಕಪಿಲ, ಪದ್ಮಿನಿ, ಕಾಳಿ ಗುಡಿಯಲ್ಲಿ ಅದಲುಬದಲಾದ ತಲೆಗಳು. ಕಾರ್ನಾಡರು ಅದನ್ನ ಬರೆದದ್ದು ಬೇತಾಳನ ಕಥೆಯನ್ನ ಜರ್ಮನ್ ಲೇಖಕ ಥಾಮಸ್ ಮನ್ ಬೆಳೆಸಿದ ರೀತಿ ನೋಡಿ. ಪುಸ್ತಕ ಬಂದದ್ದು 1971ರಲ್ಲಿ. ಅದಕ್ಕೂ 17 ವರ್ಷ ಮೊದಲು, 1954ರಲ್ಲಿ, ಮನ್‌ನ ಅದೇ ಕಥೆ ಅಮೆರಿಕದ ಲೂಯಿವಿಲ್‌ನಲ್ಲಿ ಇಂಗ್ಲಿಷ್ ಒಪೆರಾ ಆಗಿತ್ತು ರೀ! ಹೆಸರು 'ದಿ ಟ್ರಾನ್ಸ್‌ಪೋಸ್ಡ್ ಹೆಡ್ಸ್'. ಬರೆದವಳು ಪೆಗಿ ಗ್ಲಾನ್‌ವಿಲ್-ಹಿಕ್ಸ್. ಮೆಲ್ಬರ್ನ್‌ನಲ್ಲಿ ಹುಟ್ಟಿದವಳು, ನ್ಯೂಯಾರ್ಕಿನಲ್ಲಿ ಪತ್ರಿಕೆಗೆ ಸಂಗೀತ ವಿಮರ್ಶೆ ಬರೀತಿದ್ದಳು. ಸಾಹಿತ್ಯವನ್ನೂ ಮನ್‌ನ ಇಂಗ್ಲಿಷ್ ಅನುವಾದದಿಂದ ತಾನೇ ಹೊಂದಿಸಿದಳು. ಭಾರತೀಯ ಧಾಟಿಗಳನ್ನ ಬಳಸಿದಳು. ನಮ್ಮವರು ಬಿ.ವಿ. ಕಾರಂತರ ಹಾಡಿನಲ್ಲಿ ಕಂಡ ಪದ್ಮಿನಿ ಅಲ್ಲಿ ಸೀತಾ.

ನನಗೆ ಕುತೂಹಲ ಇರೋದು ಇದು. ಬುದ್ಧಿವಂತನ ತಲೆಯೂ ಬೇಕು, ಗಟ್ಟಿ ಮೈಯೂ ಬೇಕು ಅನ್ನೋ ಹೆಣ್ಣಿನ ಆಸೆಯ ಮೇಲೆ ನಿಂತ ಕಥೆ. ಬೇತಾಳ ಹೇಳಿದ, ಮನ್ ಹೇಳಿದ, ಕಾರ್ನಾಡರು ಹೇಳಿದರು. ಅದನ್ನ ಒಬ್ಬ ಹೆಂಗಸು ಕೈಗೆತ್ತಿಕೊಂಡು ಸಂಗೀತ ಕೊಟ್ಟದ್ದು ಇಲ್ಲೇ ಇರಬೇಕು.

ಸಂಶಯಾತ್ಮ:

ಫೇಡಾ ಅವರೇ, ಇದು ನನಗೆ ಹೊಸದು, ಕೇಳ್ತೀನಿ. ಅವಳ ಮುಂದಿನ ಕಥೆಯನ್ನೂ ಸೇರಿಸಿಬಿಡಿ. 'ಸ್ಯಾಫೊ' ಅನ್ನೋ ಒಪೆರಾ 1963ರಲ್ಲಿ ಮುಗಿಸಿದಳು. ಹೆಸರಾಂತ ಗಾಯಕಿ ಮರಿಯಾ ಕಾಲಾಸ್ ಹಾಡಲಿ ಅನ್ನೋ ಆಸೆ ಇತ್ತು. ಸ್ಯಾನ್ ಫ್ರಾನ್ಸಿಸ್ಕೊ ಒಪೆರಾ ಬೇಡ ಅಂತು. 1990ರಲ್ಲಿ ಅವಳು ಸತ್ತಾಗಲೂ ಅದನ್ನ ಯಾರೂ ಆಡಿರಲಿಲ್ಲ. ನಾನು ಮೊದಲಿಂದ ಹೇಳ್ತಿರೋದು ಇದನ್ನೇ.

ಹಳೇರೇಡಿಯೋ (ಮೈಸೂರು):

ಬರೆದವರ ಸಾಲು ಚಿಕ್ಕದು ಅನ್ನೋದರಲ್ಲಿ ನನಗೂ ತಕರಾರಿಲ್ಲ. ಈಗ ಸ್ವಲ್ಪ ಉದ್ದ ಆಗ್ತಿದೆ. ಸ್ಕಾಟ್ಲೆಂಡಿನ ಥಿಯಾ ಮಸ್‌ಗ್ರೇವ್ 1977ರಲ್ಲಿ 'ಮೇರಿ, ಕ್ವೀನ್ ಆಫ್ ಸ್ಕಾಟ್ಸ್' ಕೊಟ್ಟರು. ಜೂಡಿತ್ ವೇರ್ 1987ರಲ್ಲಿ 'ಎ ನೈಟ್ ಅಟ್ ದಿ ಚೈನೀಸ್ ಒಪೆರಾ' ಕೊಟ್ಟರು. ಅದೇ ವರ್ಷ ಹ್ಯೂಸ್ಟನ್ನಿನಲ್ಲಿ ಬಂದ 'ನಿಕ್ಸನ್ ಇನ್ ಚೈನಾ'ದ ಸಾಹಿತ್ಯ ಆಲಿಸ್ ಗುಡ್‌ಮನ್ ಅವರದ್ದು. 2024ರಲ್ಲಿ ಮೆಟ್ರೊಪಾಲಿಟನ್ ಸೀಸನ್ ಶುರು ಮಾಡಿದ್ದೇ ಜನೀನ್ ಟೆಸೋರಿ ಅವರ 'ಗ್ರೌಂಡೆಡ್'ನಿಂದ. ಡ್ರೋನ್ ಹಾರಿಸುವ ಮಹಿಳಾ ಪೈಲಟ್ ಕಥೆ, ಇಂಗ್ಲಿಷಿನಲ್ಲಿ.

ಕಡಲತೀರ:

ಸರ್, ಎಲ್ಲಿಂದ ಶುರು ಮಾಡಲಿ? ಮೂರು ಗಂಟೆ ಕೂರೋ ತಾಳ್ಮೆ ಇಲ್ಲ.

ಹಳೇರೇಡಿಯೋ (ಮೈಸೂರು):

ಹತ್ತು ನಿಮಿಷ ಇದೆಯಾ? ಜೂಡಿತ್ ವೇರ್ ಅವರ 'ಕಿಂಗ್ ಹೆರಾಲ್ಡ್ಸ್ ಸಾಗಾ' ಕೇಳಿ. ಒಂದೇ ಹೆಣ್ಣು ಧ್ವನಿ, ವಾದ್ಯ ಇಲ್ಲ. ಜೇನ್ ಮ್ಯಾನಿಂಗ್ ಅನ್ನೋ ಗಾಯಕಿಗೋಸ್ಕರ 1979ರಲ್ಲಿ ಬರೆದದ್ದು. ಒಬ್ಬಳೇ ಎಂಟು ಪಾತ್ರ ಹಾಡ್ತಾಳೆ, ರಾಜ, ಅವನ ಇಬ್ಬರು ಹೆಂಡಿರು ಎಲ್ಲ. ಸಾಲದ್ದಕ್ಕೆ ನಾರ್ವೆಯ ಸೈನ್ಯವೂ ಅವಳೇ! ಇಷ್ಟರಲ್ಲೇ ಮೂರು ಅಂಕ ಮುಗಿಯುತ್ತೆ.

ಅರ್ಧ ಗಂಟೆ ಇದ್ದರೆ ಗುಸ್ತಾವ್ ಹೋಲ್ಸ್ಟ್ ಅವರ 'ಸಾವಿತ್ರಿ'. ಹೌದು, ನಮ್ಮ ಸಾವಿತ್ರಿಯೇ. ಹೋಲ್ಸ್ಟ್ ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತದ ಮೇಷ್ಟರು. ಸಂಸ್ಕೃತ ಕಲಿತು ಸಾಹಿತ್ಯ ತಾನೇ ಬರೆದರು. 1916ರಲ್ಲಿ ಮೊದಲ ಆಟ. ಶುರುವಿನಲ್ಲಿ ವಾದ್ಯವೇ ಇಲ್ಲ. ಎಲ್ಲೋ ದೂರದಿಂದ ಯಮ ಅವಳ ಹೆಸರು ಹಿಡಿದು ಕರೀತಾ ಬರ್ತಾನೆ, ಅವಳು ಒಬ್ಬಳೇ ಉತ್ತರ ಕೊಡ್ತಾಳೆ. ಹಿಂದೆ ಮಾತಿಲ್ಲದೆ ಬರೀ ಸ್ವರ ಹಿಡಿಯೋ ಹೆಂಗಸರ ಕೋರಸ್. ಇಲ್ಲಿ ಸಾವಿತ್ರಿ ಮಕ್ಕಳ ವರ ಕೇಳಿ ಸಿಕ್ಕಿಸಲ್ಲ. ನನಗೆ ಬದುಕು ಕೊಡು, ಪೂರ್ತಿ ಬದುಕು ಅಂತಾಳೆ. ಕೊಟ್ಟೆ ಅಂದಮೇಲೆ, ಸತ್ಯವಾನ ಇಲ್ಲದೆ ಅದು ಪೂರ್ತಿ ಹೇಗಾಗುತ್ತೆ ಅಂತ ಹಿಡಿದುಹಾಕ್ತಾಳೆ. 1965ರ ಧ್ವನಿಮುದ್ರಣ ಹುಡುಕಿ. ಹಾಡಿದ್ದು ಜಾನೆಟ್ ಬೇಕರ್, ನಡೆಸಿದ್ದು ಹೋಲ್ಸ್ಟ್ ಮಗಳು ಇಮೊಜೆನ್.

ಧಾರವಾಡ_ಫೇಡಾ:

ಸಾವಿತ್ರಿ ನಾನು ತಗೊಂಡೆ ರೀ. ಸಂಶಯಾತ್ಮ ಅವರು 'ಟ್ರಾನ್ಸ್‌ಪೋಸ್ಡ್ ಹೆಡ್ಸ್' ಕೇಳಿ ಬರಲಿ. ಹಯವದನ ಮೇಲೋ ಅದು ಮೇಲೋ ಅಂತ ಮುಂದಿನ ಜಗಳ ಅಲ್ಲಿಂದ ಶುರು ಮಾಡೋಣ.

ಸಂಶಯಾತ್ಮ:

ಆಯ್ತು. ಆದರೆ ಕಾರಂತರ ಸಂಗೀತದ ಜೊತೆ ಹೋಲಿಸೋದಾದರೆ ನಾನು ಯಾವ ಪಕ್ಷ ಅಂತ ಈಗಲೇ ಹೇಳಿರ್ತೀನಿ.